ಸ್ಟರ್ನ್‌ಡ್ರೈವ್ ಎಣ್ಣೆ ಎಷ್ಟು ಬಿಸಿಯಾಗುತ್ತಿದೆ? ಅಳೆಯುವ, ಬರೆದಿಡುವ, ಅರ್ಥಮಾಡಿಕೊಳ್ಳುವ ಕ್ರಮ

ಪವರ್‌ಬೋಟ್‌ನ ಚಾಲಕನ ಮುಂದಿರುವ ಗೇಜ್‌ಗಳೆಲ್ಲ ಎಂಜಿನ್ನಿನ ಸುದ್ದಿಯನ್ನೇ ಹೇಳುತ್ತವೆ. ಆರ್‌ಪಿಎಂ ಎಷ್ಟು, ಎಂಜಿನ್ ಎಣ್ಣೆಯ ಒತ್ತಡ ಎಷ್ಟು, ತಂಪು ಮಾಡುವ ನೀರು ಎಷ್ಟು ಬಿಸಿಯಾಗಿದೆ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ. ಆ ಎಂಜಿನ್ನಿನ ಶಕ್ತಿಯನ್ನೆಲ್ಲ ಎರಡು ಸಲ ದಿಕ್ಕು ಬದಲಿಸಿ ಪ್ರೊಪೆಲ್ಲರ್‌ಗೆ ಮುಟ್ಟಿಸುವ ಸ್ಟರ್ನ್‌ಡ್ರೈವ್‌ನ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ಹೇಳುವ ಮುಳ್ಳು ಮಾತ್ರ ಹೆಚ್ಚಿನ ಬೋಟ್‌ಗಳಲ್ಲಿ ಇರುವುದಿಲ್ಲ. ಗೇರ್ ಹಲ್ಲು ಕಿತ್ತು ಶಬ್ದ ಬಂದಾಗಲೇ ವಿಷಯ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಲಕ್ಷಗಟ್ಟಲೆ ಬೆಲೆಯ ಡ್ರೈವ್ ಹಾಳಾಗಿರುತ್ತದೆ, ಬೋಟ್ ದಡದಿಂದ ದೂರದಲ್ಲಿ ತೇಲುತ್ತಿರುತ್ತದೆ.

ಡ್ರೈವ್ ಎಣ್ಣೆಯ ಬಿಸಿಯನ್ನು ಅಳೆಯುವುದು ಕಷ್ಟದ ಕೆಲಸವೇನಲ್ಲ. ಕಷ್ಟವಿರುವುದು ಎರಡು ಕಡೆ: ಅಳೆಯುವ ಜಾಗವನ್ನು ಸರಿಯಾಗಿ ಆರಿಸುವುದರಲ್ಲಿ ಮತ್ತು ಬಂದ ಅಂಕಿಯನ್ನು ಯಾವುದರ ಜೊತೆ ಹೋಲಿಸಬೇಕೆಂದು ತಿಳಿಯುವುದರಲ್ಲಿ. ‘ಎಷ್ಟು ಡಿಗ್ರಿ ದಾಟಿದರೆ ಅಪಾಯ’ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಬೋಟ್ ಆರೋಗ್ಯವಾಗಿದ್ದಾಗ ಎಷ್ಟು ಬಿಸಿಯಾಗುತ್ತಿತ್ತು ಎಂಬ ದಾಖಲೆ ಕೈಯಲ್ಲಿಲ್ಲದಿದ್ದರೆ ಆ ಪ್ರಶ್ನೆಯ ಉತ್ತರದಿಂದ ಅರ್ಧ ಪ್ರಯೋಜನವೂ ಇಲ್ಲ. ಈ ಲೇಖನದ ಹೆಚ್ಚಿನ ಭಾಗ ಆ ದಾಖಲೆಯನ್ನು ಕಟ್ಟುವುದರ ಬಗ್ಗೆಯೇ ಇದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಸ್ಟರ್ನ್‌ಡ್ರೈವ್ ಬೋಟ್‌ಗಳಿಗೆ, ಅಂದರೆ ಎಂಜಿನ್ ಬೋಟ್‌ನ ಒಳಗಿದ್ದು ಡ್ರೈವ್ ಹಿಂದಿನ ಗೋಡೆಯ ಹೊರಗೆ ತೂಗುವ ಬೋಟ್‌ಗಳಿಗೆ ಅನ್ವಯಿಸುತ್ತದೆ. ಮರ್ಕ್ರೂಸರ್‌ನ ಆಲ್ಫಾ ಮತ್ತು ಬ್ರಾವೊ, ವೋಲ್ವೊ ಪೆಂಟಾದ ಡ್ರೈವ್‌ಗಳು ಇದೇ ಜಾತಿಯವು. ದುಬೈ, ಅಬುಧಾಬಿಯ ಮರೀನಾಗಳಲ್ಲೋ ಅಮೆರಿಕದ ಸರೋವರಗಳಲ್ಲೋ ಬೋಟ್ ಇಟ್ಟುಕೊಂಡಿರುವ ಕನ್ನಡಿಗರ ಕೈಯಲ್ಲಿ ಇರುವುದು ಬಹುಪಾಲು ಇಂಥವೇ. ನಮ್ಮ ಕರಾವಳಿಯ ಟ್ರಾಲ್ ಬೋಟ್‌ಗಳಲ್ಲಿರುವ ಗೇರ್‌ಬಾಕ್ಸ್ ಬೇರೆ ಬಗೆಯದು. ಅದರ ಬಗ್ಗೆ ಕೊನೆಯ ಕಡೆಗೆ ಬರೆದಿದ್ದೇನೆ.

ಬಿಸಿ ಹುಟ್ಟುವುದು ಎಲ್ಲಿ

ಎಂಜಿನ್ನಿನಿಂದ ಅಡ್ಡವಾಗಿ ಬರುವ ಶಾಫ್ಟ್‌ನ ತಿರುಗುವಿಕೆ ಡ್ರೈವ್‌ನ ಮೇಲಿನ ಪೆಟ್ಟಿಗೆಯಲ್ಲಿ ಬೆವೆಲ್ ಗೇರ್‌ಗಳ ಮೂಲಕ ಕೆಳಮುಖವಾಗುತ್ತದೆ. ಕೆಳಗಿನ ಪೆಟ್ಟಿಗೆಯಲ್ಲಿ ಇನ್ನೊಂದು ಸಲ ತಿರುಗಿ ಪ್ರೊಪೆಲ್ಲರ್ ಶಾಫ್ಟ್‌ಗೆ ಸೇರುತ್ತದೆ. ಪ್ರತಿ ಗೇರ್ ಜೋಡಿಯಲ್ಲೂ ಶೇಕಡಾ ಒಂದರಿಂದ ಎರಡರಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 400 ಅಶ್ವಶಕ್ತಿ ಎಂದರೆ ಸುಮಾರು 300 ಕಿಲೋವಾಟ್. ಹಾಗಾದರೆ ಪೂರ್ಣ ವೇಗದಲ್ಲಿ ಮೇಲಿನ ಪೆಟ್ಟಿಗೆಯೊಂದರಲ್ಲೇ 3ರಿಂದ 6 ಕಿಲೋವಾಟ್ ಶಾಖ ಹುಟ್ಟುತ್ತದೆ. ಬಚ್ಚಲುಮನೆಯ ಎರಡು ಮೂರು ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿ ಎರಡೂವರೆ ಲೀಟರ್ ಎಣ್ಣೆಯಲ್ಲಿ ಮುಳುಗಿಸಿಟ್ಟಷ್ಟು ಬಿಸಿ ಅದು.

ಕೆಳಗಿನ ಪೆಟ್ಟಿಗೆ ಸದಾ ನೀರಿನಲ್ಲಿರುತ್ತದೆ, ಹಾಗಾಗಿ ಅಲ್ಲಿ ಹುಟ್ಟಿದ ಶಾಖವನ್ನು ನೀರು ಆಗಿಂದಾಗಲೇ ಸೆಳೆದುಕೊಳ್ಳುತ್ತದೆ. ಮೇಲಿನ ಪೆಟ್ಟಿಗೆಗೆ ಆ ಅನುಕೂಲವಿಲ್ಲ. ಬೋಟ್ ವೇಗ ಹಿಡಿದು ನೀರಿನ ಮೇಲೆ ಎದ್ದು ಓಡತೊಡಗಿದ ಕೂಡಲೇ ಮೇಲಿನ ಪೆಟ್ಟಿಗೆ ಗಾಳಿಗೆ ಬರುತ್ತದೆ. ಎಂಜಿನ್ ಹೆಚ್ಚು ಶಕ್ತಿ ಕೊಡುವ ಹೊತ್ತಿಗೇ ಅದಕ್ಕೆ ತಂಪು ಕಡಿಮೆಯಾಗುತ್ತದೆ. ಬ್ರಾವೊ ಮತ್ತು ವೋಲ್ವೊ ಡ್ರೈವ್‌ಗಳಲ್ಲಿ ಮುಂದೆ–ಹಿಂದೆ ಬದಲಿಸುವ ಕೋನ್ ಕ್ಲಚ್ ಕೂಡ ಮೇಲೆಯೇ ಇದೆ. ಆದ್ದರಿಂದ ಅಳೆಯಬೇಕಾದದ್ದು ಮೇಲಿನ ಪೆಟ್ಟಿಗೆಯ ಎಣ್ಣೆಯನ್ನು.

ಬಹಳ ಜನ ಗಮನಿಸದ ಇನ್ನೊಂದು ವಿಷಯವಿದೆ. ಆಲ್ಫಾ ಮತ್ತು ಬ್ರಾವೊಗಳಲ್ಲಿ ಎಂಜಿನ್ನಿಗೆ ಹೋಗುವ ತಂಪುನೀರು ಸಾಮಾನ್ಯವಾಗಿ ಡ್ರೈವ್‌ನ ಕೆಳಭಾಗದ ರಂಧ್ರಗಳಿಂದ ಒಳಬಂದು ಡ್ರೈವ್‌ನ ಮೂಲಕವೇ ಮೇಲೇರುತ್ತದೆ. ಹೋಗುವ ದಾರಿಯಲ್ಲಿ ಅದು ಡ್ರೈವನ್ನೂ ಒಂದಿಷ್ಟು ತಂಪು ಮಾಡುತ್ತದೆ. ನೀರನ್ನು ಬೋಟ್‌ನ ತಳದಿಂದ ಬೇರೆಯಾಗಿ ತೆಗೆದುಕೊಳ್ಳುವಂತೆ ಮಾರ್ಪಡಿಸಿ ಡ್ರೈವ್‌ನ ದಾರಿಯನ್ನು ಮುಚ್ಚಿದರೆ ಈ ತಂಪು ಇಲ್ಲವಾಗುತ್ತದೆ. ಅಂಥ ಬದಲಾವಣೆ ಮಾಡಿಸಿಕೊಂಡವರು ಡ್ರೈವ್ ಎಣ್ಣೆಯ ಬಿಸಿಯನ್ನು ಅಳೆಯದೆ ಇರಬಾರದು.

ಬಿಸಿಯಾದರೆ ಎಣ್ಣೆಗೆ ಏನಾಗುತ್ತದೆ

ಗೇರ್ ಎಣ್ಣೆಯ ಡಬ್ಬಿಯ ಮೇಲಿರುವ 80ಡಬ್ಲ್ಯೂ-90 ಅಥವಾ 75ಡಬ್ಲ್ಯೂ-90 ಎಂಬುದು ಅದರ ಸ್ನಿಗ್ಧತೆಯ, ಅಂದರೆ ಮಂದತನದ ವರ್ಗ. 80ಡಬ್ಲ್ಯೂ-90 ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 140 ಸೆಂಟಿಸ್ಟೋಕ್ ಮಂದವಾಗಿದ್ದರೆ 100 ಡಿಗ್ರಿಯಲ್ಲಿ ಸುಮಾರು 14ಕ್ಕೆ ಇಳಿಯುತ್ತದೆ, ಹತ್ತನೆಯ ಒಂದು ಪಾಲಿಗೆ. ಹಲ್ಲುಗಳ ನಡುವೆ ಲೋಹಕ್ಕೆ ಲೋಹ ತಾಗದಂತೆ ತಡೆಯುವ ಎಣ್ಣೆಯ ಪದರವೂ ಅದರೊಂದಿಗೆ ತೆಳುವಾಗುತ್ತದೆ. ಆಮೇಲೆ ಕಾಯುವುದು ಎಣ್ಣೆಯಲ್ಲಿ ಬೆರೆಸಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಮಾತ್ರ. ಎಣ್ಣೆ ಆಮ್ಲಜನಕದೊಂದಿಗೆ ಸೇರಿ ಕೆಡುವ ವೇಗ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ನೆಚ್ಚುವ ಲೆಕ್ಕ. ಸಾಮಾನ್ಯ ನೈಟ್ರೈಲ್ ರಬ್ಬರಿನ ಸೀಲ್‌ಗಳು 100 ಡಿಗ್ರಿಯ ಮೇಲೆ ಹೆಚ್ಚು ಹೊತ್ತು ಕೆಲಸ ಮಾಡಿದರೆ ಗಟ್ಟಿಯಾಗಿ ಬಿರಿಯುತ್ತವೆ. ಸೀಲ್ ಬಿರಿದರೆ ನೀರು ಒಳಬರುತ್ತದೆ. ಅತಿಯಾದ ಬಿಸಿಯ ಪರಿಣಾಮ ಕಾಣಿಸುವುದು ಆ ದಿನವಲ್ಲ, ತಿಂಗಳುಗಳ ಮೇಲೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದಾಗ. ಆಗ ಕಾರಣವನ್ನು ಎಲ್ಲೋ ಹುಡುಕುತ್ತಾರೆ.

ಹೆಜ್ಜೆ 1: ತಂತಿ ಎಳೆಯುವ ಮೊದಲು ಸ್ಟಿಕರ್ ಅಂಟಿಸಿ

ಸೆನ್ಸರ್ ಕೊಳ್ಳುವ ಮೊದಲು ತಾಪಸೂಚಕ ಪಟ್ಟಿಗಳನ್ನು ತರಿಸಿಕೊಳ್ಳಿ. ಸಣ್ಣ ಸ್ಟಿಕರ್‌ನ ಮೇಲೆ ಸಾಲಾಗಿ ಚುಕ್ಕಿಗಳಿರುತ್ತವೆ. ಒಂದೊಂದೂ ಒಂದೊಂದು ತಾಪಮಾನ ಮುಟ್ಟಿದಾಗ ಕಪ್ಪಾಗುತ್ತದೆ, ಮತ್ತೆ ತಣ್ಣಗಾದರೂ ಹಳೆಯ ಬಣ್ಣಕ್ಕೆ ಮರಳುವುದಿಲ್ಲ. 70ರಿಂದ 120 ಡಿಗ್ರಿಯವರೆಗಿನ ವ್ಯಾಪ್ತಿ ಸಾಕು. ಮೇಲಿನ ಪೆಟ್ಟಿಗೆಯ ನೆತ್ತಿಯ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಒಂದನ್ನು ಅಲ್ಲಿ, ಇನ್ನೊಂದನ್ನು ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿ. ನೀರು ಚಿಮ್ಮುವ ಜಾಗವಾದ್ದರಿಂದ ಅಂಚುಗಳಿಗೆ ಪಾರದರ್ಶಕ ಸಿಲಿಕೋನ್ ಹಚ್ಚಿ. ಒಂದು ದಿನ ಎಂದಿನಂತೆ ಓಡಿಸಿ ಬಂದು ನೋಡಿ.

ಇದರಿಂದ ತಿಳಿಯುವುದು ಲೋಹದ ಹೊರಮೈ ಮುಟ್ಟಿದ ಗರಿಷ್ಠ ಬಿಸಿ. ಒಳಗಿನ ಎಣ್ಣೆ ಅದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಪಟ್ಟಿಯಲ್ಲೇ 90ರ ಚುಕ್ಕಿ ಕಪ್ಪಾಗಿದ್ದರೆ ಸೆನ್ಸರ್ ಹಾಕುವುದನ್ನು ಮುಂದೂಡಬೇಡಿ.

ಪಟ್ಟಿಯ ಬದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅಳೆಯುವವರಿದ್ದಾರೆ. ದಡಕ್ಕೆ ಬಂದ ಮೇಲೆ ಅಳೆದರೆ ಅದರಿಂದ ಉಪಯೋಗವಿಲ್ಲ. ಬಂದರಿನೊಳಗೆ ನಿಧಾನಕ್ಕೆ ಬರುವಾಗ ಬೋಟ್‌ನ ಹಿಂಭಾಗ ಇಳಿದು ಮೇಲಿನ ಪೆಟ್ಟಿಗೆ ನೀರಿಗೆ ತಾಗುತ್ತದೆ, ಎಂಜಿನ್ನಿನ ಹೊರೆಯೂ ಇಳಿದಿರುತ್ತದೆ. ಕೆಲವೇ ನಿಮಿಷಗಳಲ್ಲಿ ಹೊರಮೈ ತಣ್ಣಗಾಗಿಬಿಡುತ್ತದೆ. ಹೊಳೆಯುವ ಬರಿಯ ಅಲ್ಯೂಮಿನಿಯಂ ಮೇಲೆ ಹಿಡಿದರಂತೂ ಈ ಉಪಕರಣ ನಿಜಕ್ಕಿಂತ ತೀರ ಕಡಿಮೆ ತೋರಿಸುತ್ತದೆ, ಏಕೆಂದರೆ ಅಂಥ ಮೈ ತನ್ನ ಶಾಖವನ್ನು ಬಹಳ ಕಡಿಮೆ ಹೊರಸೂಸುತ್ತದೆ. ಬಣ್ಣ ಬಳಿದ ಮೈಯ ಮೇಲೆ ಮಾತ್ರ ಅದನ್ನು ನಂಬಬಹುದು.

ಹೆಜ್ಜೆ 2: ಸೆನ್ಸರ್ ಕೂರಿಸುವ ಜಾಗ

ಇಲ್ಲಿ ಅವಸರ ಬೇಡ. ಮೊದಲು, ಎಲ್ಲಿ ಹಾಕಬಾರದು ಎಂಬುದನ್ನು ಹೇಳುತ್ತೇನೆ.

ಕೆಳಗಿನ ಡ್ರೈನ್ ಪ್ಲಗ್‌ನಲ್ಲಿ ಬೇಡ. ಅಲ್ಲಿಯ ಎಣ್ಣೆಯನ್ನು ಸುತ್ತಲಿನ ನೀರು ತಂಪಾಗಿಟ್ಟಿರುತ್ತದೆ, ಮೇಲೆ ಬೆಂಕಿ ಬಿದ್ದರೂ ಅಲ್ಲಿ ಗೊತ್ತಾಗುವುದು ತಡ. ನೀರಿನಲ್ಲಿ ತೇಲಿ ಬಂದ ಹಗ್ಗವೋ ಮರದ ತುಂಡೋ ತಾಗಿದರೆ ಸೆನ್ಸರ್ ಮುರಿದು ಎಣ್ಣೆಯೆಲ್ಲ ಹೊರಹೋಗುತ್ತದೆ. ಎಂಜಿನ್ ಕೋಣೆಯಲ್ಲಿರುವ ಗೇರ್ ಎಣ್ಣೆಯ ಬಾಟಲಿಯಲ್ಲೂ ಬೇಡ. ಆ ಬಾಟಲಿ ಕೊಳವೆಯ ಮೂಲಕ ಡ್ರೈವ್‌ಗೆ ಸೇರಿದೆ ನಿಜ, ಆದರೆ ಅದರೊಳಗಿನ ಎಣ್ಣೆ ಸುತ್ತಾಡುವುದಿಲ್ಲ. ಅಲ್ಲಿ ಸೆನ್ಸರ್ ಇಟ್ಟರೆ ಎಂಜಿನ್ ಕೋಣೆಯ ಗಾಳಿಯ ಬಿಸಿಯನ್ನು ಅಳೆದಂತಾಗುತ್ತದೆ. ಕೊಳವೆಯ ನಡುವೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಅದರಲ್ಲಿ ಸೆನ್ಸರ್ ಹಾಕುವುದೂ ಅದೇ ಕಾರಣಕ್ಕೆ ವ್ಯರ್ಥ.

ಹಾಕಬೇಕಾದ ಜಾಗ ಮೇಲಿನ ಪೆಟ್ಟಿಗೆ. ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಸೆನ್ಸರ್‌ಗೆಂದೇ ಥ್ರೆಡ್ (ತಿರುಪಿನ ಸುತ್ತು) ಇರುವ ರಂಧ್ರ ಬಿಟ್ಟು ತಯಾರಿಸಿದ ನೆತ್ತಿಯ ಮುಚ್ಚಳ. ನಿಮ್ಮ ಡ್ರೈವ್‌ಗೆ ಅಂಥದ್ದು ಸಿಕ್ಕರೆ ಹಣ ಹೆಚ್ಚಾದರೂ ಅದನ್ನೇ ಕೊಳ್ಳಿ. ಎರಡನೆಯದು, ಗಾಳಿ ಹೋಗುವ ವೆಂಟ್ ಪ್ಲಗ್ ಅಥವಾ ಡಿಪ್‌ಸ್ಟಿಕ್ ಇರುವ ರಂಧ್ರ. ಒಂದು ಹೆಚ್ಚುವರಿ ಪ್ಲಗ್ ಕೊಂಡು, ಅದರ ನಡುವೆ ತೂತು ಕೊರೆಸಿ, ಪೆನ್ಸಿಲ್‌ಗಿಂತ ತೆಳುವಾದ, ಥರ್ಮೋಕಪಲ್ ಎಂಬ ಬಿಸಿ ಅಳೆಯುವ ಕಡ್ಡಿಯನ್ನು ಅದರಲ್ಲಿ ಕೂರಿಸಿ ಬೆಸುಗೆ ಹಾಕಿಸಬಹುದು. ಮೂಲ ಪ್ಲಗ್ಗನ್ನು ಜೋಪಾನವಾಗಿ ಎತ್ತಿಡಿ. ಮೂರನೆಯದು, ಶಾಖ ಸಾಗಿಸುವ ಎಪಾಕ್ಸಿಯಿಂದ ಸೆನ್ಸರನ್ನು ಮುಚ್ಚಳದ ಹೊರಮೈಗೆ ಅಂಟಿಸುವುದು. ಇದು ಎಣ್ಣೆಯ ನಿಜವಾದ ಬಿಸಿಗಿಂತ ಹತ್ತು ಡಿಗ್ರಿಗೂ ಮೀರಿ ಕೆಳಗಿನ ಅಂಕಿ ತೋರಿಸಬಹುದು, ನೀರು ಚಿಮ್ಮಿದಾಗ ಏರಿಳಿಯುತ್ತದೆ. ಆದರೂ ದಿನದಿಂದ ದಿನಕ್ಕೆ ಹೋಲಿಸಲು ಸಾಕಾಗುತ್ತದೆ, ಡ್ರೈವ್‌ನ ಎಣ್ಣೆಯ ಪೆಟ್ಟಿಗೆಯನ್ನು ಬಿಚ್ಚುವ ಅಗತ್ಯವೂ ಇಲ್ಲ.

ಡ್ರೈವ್‌ನ ಎರಕದ ಮೈಗೆ ಹೊಸದಾಗಿ ತೂತು ಕೊರೆಯುವ ಯೋಚನೆಯನ್ನು ಬಿಟ್ಟುಬಿಡಿ. ಲೋಹದ ಚೂರು ಒಳಗೆ ಬಿದ್ದರೆ ಬೇರಿಂಗ್ ಹಾಳಾಗುತ್ತದೆ, ಎರಕ ಬಿರಿದರೆ ಅದಕ್ಕೆ ರಿಪೇರಿಯಿಲ್ಲ.

ಒಳಗೆ ಇಳಿಯುವ ಕಡ್ಡಿ ಗೇರ್‌ಗೆ ತಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಸುಲಭದ ಉಪಾಯವಿದೆ. ಮುಚ್ಚಳ ತೆಗೆದು, ಕಡ್ಡಿಯ ತುದಿಗೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಒಂದು ಸೆಂಟಿಮೀಟರ್ ದಪ್ಪ ಮೆತ್ತಿ, ಮುಚ್ಚಳ ಕೂರಿಸಿ, ಎಂಜಿನ್ ಚಾಲೂ ಮಾಡದೆ ಪ್ರೊಪೆಲ್ಲರನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಈ ಹೊತ್ತಿನಲ್ಲಿ ಕೀ ನಿಮ್ಮ ಜೇಬಿನಲ್ಲೇ ಇರಲಿ. ಮತ್ತೆ ತೆಗೆದು ನೋಡಿದಾಗ ಜೇಡಿಯ ಮೇಲೆ ಗುರುತು ಬಿದ್ದಿದ್ದರೆ ಕಡ್ಡಿ ಉದ್ದವಾಗಿದೆ. ಕೆಲಸ ಮುಗಿದ ಮೇಲೆ ಒಳಗೆ ಜೇಡಿಯ ತುಣುಕು ಉಳಿದಿಲ್ಲವೆಂದು ನೋಡಿಕೊಳ್ಳಿ, ಮುಚ್ಚಳಕ್ಕೆ ಹೊಸ ಸೀಲ್ ಹಾಕಿ.

ಹೆಜ್ಜೆ 3: ಸೆನ್ಸರ್ ಯಾವುದು, ಗೇಜ್ ಯಾವುದು

ಡಯಲ್ ಗೇಜ್‌ಗಳ ಜೊತೆ ಬರುವ ಸೆನ್ಸರನ್ನು ಸೆಂಡರ್ ಎನ್ನುತ್ತಾರೆ; ಅದು ಬಿಸಿಯಾದಂತೆ ವಿದ್ಯುತ್ ರೋಧ ಕಡಿಮೆಯಾಗುವ ಜಾತಿಯದು. ಅಗ್ಗ, ಗಟ್ಟಿಮುಟ್ಟು. ಆದರೆ ಗೇಜ್ ಮತ್ತು ಸೆಂಡರ್ ಒಂದೇ ತಯಾರಕರ ಒಂದೇ ಜೋಡಿಯಾಗಿರಬೇಕು. ಯುರೋಪಿನ ಗೇಜ್‌ಗೆ ಅಮೆರಿಕದ ಸೆಂಡರ್ ಜೋಡಿಸಿದರೆ ಮುಳ್ಳು ಆಡುತ್ತದೆ, ಆದರೆ ತೋರಿಸುವುದು ಸುಳ್ಳು. ವ್ಯಾಪ್ತಿ 150 ಡಿಗ್ರಿಯವರೆಗೆ ಇರುವುದನ್ನು ಆರಿಸಿ. ಎಂಜಿನ್ ನೀರಿಗೆಂದು ಮಾಡಿದ 120 ಡಿಗ್ರಿಯ ಗೇಜ್‌ನಲ್ಲಿ ಮುಖ್ಯವಾದ ಭಾಗ ಮುಳ್ಳಿನ ಕೊನೆಯ ಮೂಲೆಯಲ್ಲಿ ಇಕ್ಕಟ್ಟಾಗುತ್ತದೆ. ಅಮೆರಿಕದ ಗೇಜ್ ಫ್ಯಾರನ್‌ಹೀಟ್‌ನಲ್ಲಿ ಬರೆದಿದ್ದರೆ 194, 212, 248 ಎಂಬ ಮೂರು ಅಂಕಿಗಳನ್ನು ನೆನಪಿಡಿ. ಅವು ಕ್ರಮವಾಗಿ 90, 100, 120 ಸೆಲ್ಸಿಯಸ್.

ತೆಳ್ಳಗಿನ ಕಡ್ಡಿ ಬೇಕಾದ ಕಡೆ ಕೆ-ವರ್ಗದ ಥರ್ಮೋಕಪಲ್ ಅಥವಾ ಪಿಟಿ100 ಎಂಬ ಪ್ಲಾಟಿನಂ ಸೆನ್ಸರ್ ಅನುಕೂಲ. ಇವಕ್ಕೆ ತಕ್ಕ ಡಿಜಿಟಲ್ ಮೀಟರ್ ಬೇಕು. ಬೋಟ್‌ನಲ್ಲಿ ಈಗಾಗಲೇ ಎನ್‌ಎಂಇಎ 2000 (ಬೋಟ್‌ನ ಉಪಕರಣಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ) ಜಾಲವಿದ್ದರೆ ತಾಪಮಾನವನ್ನು ಜಾಲಕ್ಕೆ ಸೇರಿಸುವ ಪರಿವರ್ತಕಗಳು ಸಿಗುತ್ತವೆ. ಆ ಜಾಲದ ಭಾಷೆಯಲ್ಲಿ ಗೇರ್ ಎಣ್ಣೆಯ ಒತ್ತಡ ಮತ್ತು ಬಿಸಿಗೆಂದೇ 127493 ಸಂಖ್ಯೆಯ ಸಂದೇಶವಿದೆ. ಪರಿವರ್ತಕ ಅದನ್ನು ಕಳುಹಿಸುತ್ತದೆಯೇ, ನಿಮ್ಮ ಪರದೆ ಅದನ್ನು ತೋರಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಪರದೆಯಲ್ಲಿ ಬಂದರೆ ದೊಡ್ಡ ಲಾಭವೆಂದರೆ ಅಂಕಿಗಳು ತಾವಾಗಿಯೇ ದಾಖಲಾಗುವುದು.

ಹೆಜ್ಜೆ 4: ತಂತಿ

ಡ್ರೈವ್ ಎಡಬಲಕ್ಕೆ ತಿರುಗುತ್ತದೆ, ಟ್ರಿಮ್ ಮಾಡಿದಾಗ ಮೇಲೆ ಕೆಳಗೆ ಹೋಗುತ್ತದೆ, ಟ್ರೇಲರ್ ಮೇಲಿದ್ದಾಗ ಪೂರ್ತಿ ಎತ್ತಿರುತ್ತದೆ. ತಂತಿಯನ್ನು ಬಿಗಿಯುವ ಮೊದಲು ಇನ್ನೊಬ್ಬರನ್ನು ಚುಕ್ಕಾಣಿಯ ಬಳಿ ನಿಲ್ಲಿಸಿ ಇಷ್ಟೂ ಚಲನೆಗಳನ್ನು ಮಾಡಿಸಿ, ಎಲ್ಲೂ ಎಳೆಯದಂತೆ, ಎಲ್ಲೂ ಸಿಕ್ಕದಂತೆ ಸಡಿಲ ಬಿಡಿ. ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಿ, ಜೋಡಣೆಗಳಿಗೆ ಒಳಮೈಯಲ್ಲಿ ಅಂಟು ಸವರಿರುವ, ಬಿಸಿಗೆ ಕುಗ್ಗುವ ಶ್ರಿಂಕ್ ಕೊಳವೆ ಹಾಕಿ. ಉಪ್ಪುನೀರು ಬರಿಯ ತಾಮ್ರದ ತಂತಿಯ ಒಳಗೆ ಏರಿ ಅದನ್ನು ಹಸಿರಾಗಿಸಿ ಪುಡಿಮಾಡುತ್ತದೆ.

ಒಂಟಿ ತಂತಿಯ ಸೆಂಡರ್ ಡ್ರೈವ್‌ನ ಮೈಯನ್ನೇ ನೆಗೆಟಿವ್ ದಾರಿಯಾಗಿ ಬಳಸುತ್ತದೆ. ನನ್ನ ಆಯ್ಕೆ ಎರಡು ತಂತಿಯದು. ಕಾರಣವಿದೆ. ಡ್ರೈವ್ ಮತ್ತು ಎಂಜಿನ್ನಿನ ನಡುವಿನ ಸಂಪರ್ಕ ತಂತಿಗಳು ತುಕ್ಕು ಹಿಡಿದರೆ ಆ ದಾರಿಯಲ್ಲಿ ರೋಧ ಹೆಚ್ಚುತ್ತದೆ. ಈ ಜಾತಿಯ ಸೆಂಡರ್‌ಗೆ ಹೆಚ್ಚು ರೋಧವೆಂದರೆ ಹೆಚ್ಚು ತಂಪು ಎಂದರ್ಥ. ಹಾಗಾಗಿ ಜೋಡಣೆ ಕೆಟ್ಟಷ್ಟೂ ಗೇಜ್ ಕಡಿಮೆ ಬಿಸಿ ತೋರಿಸುತ್ತದೆ. ತಂತಿ ಪೂರ್ತಿ ತುಂಡಾದರೆ ಮುಳ್ಳು ತಂಪಿನ ಕೊನೆಯಲ್ಲಿ ನಿಂತುಬಿಡುತ್ತದೆ. ಅರ್ಧ ಗಂಟೆ ವೇಗವಾಗಿ ಓಡಿದ ಮೇಲೂ ಮುಳ್ಳು ಏರಿಲ್ಲವೆಂದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳದೆ ತಂತಿಯನ್ನು ಪರೀಕ್ಷಿಸಿ.

ಹಿತ್ತಾಳೆಯ ಸೆಂಡರ್ ಅಲ್ಯೂಮಿನಿಯಂಗೆ ತಾಗಿ ಉಪ್ಪುನೀರಿನಲ್ಲಿ ನೆನೆದರೆ ಕರಗುವುದು ಅಲ್ಯೂಮಿನಿಯಂ. ಥ್ರೆಡ್‌ಗೆ ಸೀಲಂಟ್ ಹಚ್ಚಿ ಬಿಗಿದು, ಹೊರಗೆ ಕಾಣುವ ಹಿತ್ತಾಳೆಯನ್ನು ಬಣ್ಣದಿಂದಲೋ ರಬ್ಬರ್ ಲೇಪದಿಂದಲೋ ಮುಚ್ಚಿ.

ಹೆಜ್ಜೆ 5: ಗೇಜ್ ನಿಜ ಹೇಳುತ್ತಿದೆಯೇ?

ಡ್ರೈವ್‌ಗೆ ಕೂರಿಸುವ ಮೊದಲು ಸೆನ್ಸರನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಮತ್ತು ಕುದಿಯುವ ನೀರಿನಲ್ಲಿ ಮುಳುಗಿಸಿ ನೋಡಿ. 40 ಅಥವಾ 50 ಡಿಗ್ರಿಯಿಂದ ಶುರುವಾಗುವ ಡಯಲ್ ಗೇಜ್‌ಗೆ ಮಂಜುಗಡ್ಡೆಯ ಪರೀಕ್ಷೆ ಬೇಡ, ಕುದಿಯುವ ನೀರಿನದು ಸಾಕು. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಮಂಗಳೂರಿನಲ್ಲೋ ಕಾರವಾರದಲ್ಲೋ ಮಾಡಿದರೆ ಅದೇ ಲೆಕ್ಕ. ಬೆಂಗಳೂರಿನ ಮನೆಯಲ್ಲಿ ಮಾಡಿದರೆ, ಊರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ನೀರು 97 ಡಿಗ್ರಿಯ ಸುತ್ತಲೇ ಕುದಿಯುತ್ತದೆ. ಅಲ್ಲಿ ಗೇಜ್ 97 ತೋರಿಸಿದರೆ ಗೇಜ್ ಸರಿಯಿದೆ. ಒಂಟಿ ತಂತಿಯ ಸೆಂಡರ್ ಆದರೆ ಅದರ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ತಂತಿ ಕಟ್ಟುವುದನ್ನು ಮರೆಯಬೇಡಿ. ಮುಳ್ಳಿನ ಗೇಜ್‌ಗಳಲ್ಲಿ ಕೆಲವು ಬ್ಯಾಟರಿ 12 ವೋಲ್ಟ್ ಇದ್ದಾಗ ಒಂದು, ಎಂಜಿನ್ ಓಡಿ 14 ವೋಲ್ಟ್ ದಾಟಿದಾಗ ಇನ್ನೊಂದು ತೋರಿಸುತ್ತವೆ. ಎರಡರಲ್ಲೂ ನೋಡಿ, ವ್ಯತ್ಯಾಸವನ್ನು ಬರೆದಿಡಿ.

ಹೆಜ್ಜೆ 6: ಮೂಲಮಟ್ಟದ ದಾಖಲೆ

ಇಡೀ ಕೆಲಸದ ಜೀವಾಳ ಇದು. ಎಣ್ಣೆ ಹೊಸದಾಗಿ ಬದಲಿಸಿ, ಡ್ರೈವ್‌ಗೆ ಅಂಟಿದ ಪಾಚಿ, ಚಿಪ್ಪುಗಳನ್ನು ಕೆರೆದು ಶುಚಿ ಮಾಡಿ, ಪ್ರೊಪೆಲ್ಲರ್ ಸರಿಯಿದೆಯೆಂದು ನೋಡಿಕೊಂಡ ಮೇಲೆ ಶುರುಮಾಡಿ. ಒಂದು ಪುಸ್ತಕವಿರಲಿ. ಪ್ರತಿ ಸಲ ಬರೆಯಬೇಕಾದದ್ದು: ನೀರಿನ ತಾಪಮಾನ, ಬೋಟ್‌ನಲ್ಲಿ ಎಷ್ಟು ಜನ ಮತ್ತು ಎಷ್ಟು ಇಂಧನ, ಆರ್‌ಪಿಎಂ, ವೇಗ, ಟ್ರಿಮ್ ಸ್ಥಾನ, ಆ ವೇಗದಲ್ಲಿ ಎಷ್ಟು ನಿಮಿಷ ಓಡಿದೆ, ಎಣ್ಣೆಯ ತಾಪಮಾನ. ಎಣ್ಣೆಯ ಬಿಸಿ ನಿಧಾನಕ್ಕೆ ಏರುತ್ತದೆ. ಒಂದೇ ವೇಗದಲ್ಲಿ 15ರಿಂದ 20 ನಿಮಿಷ ಓಡಿ, ಮುಳ್ಳು ನಿಂತ ಮೇಲೆ ಬರೆದ ಅಂಕಿಗೆ ಮಾತ್ರ ಬೆಲೆ. ಸಾಮಾನ್ಯ ಪ್ರಯಾಣದ ಒಂದು ವೇಗವನ್ನು, ಅದಕ್ಕಿಂತ ಸ್ವಲ್ಪ ಹೆಚ್ಚಿನ ಇನ್ನೊಂದು ವೇಗವನ್ನು ಆರಿಸಿ ಯಾವಾಗಲೂ ಅವೆರಡರಲ್ಲೇ ಅಳೆಯಿರಿ. ಪೂರ್ಣ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸುವ ಅಗತ್ಯವಿಲ್ಲ, ಅದು ಡ್ರೈವ್‌ಗೂ ಒಳ್ಳೆಯದಲ್ಲ.

ಪುಸ್ತಕದಲ್ಲಿ ಇನ್ನೊಂದು ಅಂಕಣ ಬೇಕು: ಎಣ್ಣೆಯ ತಾಪಮಾನದಿಂದ ನೀರಿನ ತಾಪಮಾನವನ್ನು ಕಳೆದು ಉಳಿದ ಏರಿಕೆ. ಉದಾಹರಣೆಗೆ, ವಸಂತದಲ್ಲಿ ನೀರು 22 ಡಿಗ್ರಿ ಇದ್ದಾಗ ಎಣ್ಣೆ 78ಕ್ಕೆ ನಿಂತಿತು ಎನ್ನೋಣ. ಏರಿಕೆ 56. ಪರ್ಷಿಯನ್ ಕೊಲ್ಲಿಯಲ್ಲಿ ಬೇಸಿಗೆಯ ನೀರು 33 ಡಿಗ್ರಿ ಮುಟ್ಟುವುದು, ದಾಟುವುದು ಮಾಮೂಲು. ಅದೇ ಬೋಟ್ ಅಲ್ಲಿ ಅದೇ ವೇಗದಲ್ಲಿ 89ರ ಆಸುಪಾಸು ತೋರಿಸಬೇಕು. ಅಂಕಿ 78ರಿಂದ 89ಕ್ಕೆ ಹೋಯಿತೆಂದು ಗಾಬರಿಯಾಗಬೇಕಾಗಿಲ್ಲ, ಡ್ರೈವ್ ಬದಲಾಗಿಲ್ಲ. ಆದರೆ ಮಂಗಳೂರಿನ 29 ಡಿಗ್ರಿಯ ಕಡಲಿನಲ್ಲಿ 97 ತೋರಿಸಿದರೆ ಏರಿಕೆ 68 ಆಯಿತು, ಅದಕ್ಕೆ ಕಾರಣ ಹುಡುಕಲೇಬೇಕು. ಗಾಳಿಯ ಬಿಸಿ, ಅಲೆ, ಎಣ್ಣೆಯ ಮಂದತನ ಇವೆಲ್ಲ ಸೇರುವುದರಿಂದ ಈ ಏರಿಕೆ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ನಾಲ್ಕೈದು ಡಿಗ್ರಿಯ ವ್ಯತ್ಯಾಸವನ್ನು ಬಿಟ್ಟುಬಿಡಿ. ಹತ್ತು ಡಿಗ್ರಿಯ ವ್ಯತ್ಯಾಸ ಎರಡು ಸಲ ಕಂಡರೆ ಬಿಡಬೇಡಿ.

ಅಲಾರಂ ಎಷ್ಟಕ್ಕೆ ಇಡಬೇಕು? ನಿಮ್ಮ ಡ್ರೈವ್‌ನ ಕೈಪಿಡಿಯಲ್ಲಿ ಮಿತಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಕೊಟ್ಟಿಲ್ಲದಿದ್ದರೆ ನನ್ನ ಅಭಿಪ್ರಾಯ ಹೀಗಿದೆ: ಆ ದಿನದ ನೀರಿನ ಬಿಸಿಗೆ ಲೆಕ್ಕಹಾಕಿದ ನಿಮ್ಮ ಮೂಲಮಟ್ಟಕ್ಕಿಂತ 10–12 ಡಿಗ್ರಿ ಹೆಚ್ಚಾದಾಗ ಮೊದಲ ಎಚ್ಚರಿಕೆ, ಮೂಲಮಟ್ಟ ಏನೇ ಇರಲಿ 105 ಡಿಗ್ರಿಗೆ ವೇಗ ಇಳಿಸುವ ಎಚ್ಚರಿಕೆ. ಖನಿಜ ಎಣ್ಣೆ 120 ಡಿಗ್ರಿ ಮುಟ್ಟಿದ್ದರೆ ಅದನ್ನು ಮತ್ತೆ ಬಳಸಬೇಡಿ, ಬದಲಿಸಿ. ಸಿಂಥೆಟಿಕ್ ಎಣ್ಣೆ ಇದಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಒಳಗಿನ ಸೀಲ್‌ಗಳಿಗೆ ಆ ತಾಳ್ಮೆ ಇರಬೇಕೆಂದಿಲ್ಲ.

ಏರಿಕೆಯನ್ನು ಓದುವುದು

ತಿಂಗಳುಗಟ್ಟಲೆ ನಿಧಾನವಾಗಿ ಏರುತ್ತಾ ಬಂದರೆ ಎಣ್ಣೆ ಹಳತಾಗಿದೆ, ಡ್ರೈವ್ ಮೇಲೆ ಪಾಚಿ ಕಟ್ಟಿದೆ, ಅಥವಾ ಬೋಟ್‌ನ ತಳ ಒರಟಾಗಿ ಎಂಜಿನ್ ಹೆಚ್ಚು ದುಡಿಯುತ್ತಿದೆ. ಹೊಸ ಪ್ರೊಪೆಲ್ಲರ್ ಹಾಕಿದ ದಿನದಿಂದ ಏರಿದ್ದರೆ ಅದರ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಹೆಚ್ಚಾಗಿರಬಹುದು. ಪೂರ್ಣ ವೇಗದಲ್ಲಿ ಎಂಜಿನ್ ತನ್ನ ನಿಗದಿತ ಆರ್‌ಪಿಎಂ ಮುಟ್ಟುತ್ತಿದೆಯೇ ನೋಡಿ. ಡ್ರೈವ್ ರಿಪೇರಿಯಾಗಿ ಬಂದ ಮೇಲೆ ಏರಿದ್ದರೆ ಗೇರ್‌ಗಳ ನಡುವಿನ ಸಂದು ಅಥವಾ ಬೇರಿಂಗ್‌ಗೆ ಕೊಟ್ಟ ಬಿಗಿ ಸರಿಯಿಲ್ಲದಿರಬಹುದು. ಹೊಸ ಗೇರ್‌ಗಳು ಮೊದಲ ಕೆಲವು ಗಂಟೆ ಒಂದಿಷ್ಟು ಹೆಚ್ಚು ಬಿಸಿಯಾಗುತ್ತವೆ, ಆದರೆ ದಿನದಿಂದ ದಿನಕ್ಕೆ ಇಳಿಯುತ್ತಾ ಬರಬೇಕು. ಇಳಿಯದಿದ್ದರೆ ನಿಮ್ಮ ಪುಸ್ತಕವನ್ನು ತೆಗೆದುಕೊಂಡು ವರ್ಕ್‌ಶಾಪ್‌ಗೆ ಹೋಗಿ. ‘ಶಬ್ದ ಬರುತ್ತಿಲ್ಲವಲ್ಲ’ ಎಂಬ ಉತ್ತರಕ್ಕೆ ಅಂಕಿಗಳೇ ಎದುರುತ್ತರ.

ಡ್ರೈವ್‌ನ ನೆತ್ತಿಗೆ ನೀರು ಚಿಮ್ಮಿಸುವ ಶವರ್ ಜೋಡಿಸಿದವರು ಅದರ ತೂತುಗಳು ಉಪ್ಪಿನಿಂದ ಕಟ್ಟಿಕೊಂಡಿವೆಯೇ ಎಂದು ಮೊದಲು ನೋಡಬೇಕು. ಶವರ್ ಒಳ್ಳೆಯ ಉಪಕರಣ. ಆದರೆ ಗೇರ್ ಸಮಸ್ಯೆಯಿಂದ ಬಂದ ಬಿಸಿಯನ್ನು ಅದು ಮರೆಮಾಚಲೂಬಹುದು, ಆದ್ದರಿಂದ ಶವರ್ ಹಾಕುವ ಮೊದಲಿನ ಮೂಲಮಟ್ಟ ಪುಸ್ತಕದಲ್ಲಿರಲಿ.

ಕೆಲವೇ ನಿಮಿಷಗಳಲ್ಲಿ ಜಿಗಿದು ಏರಿದರೆ ಮೊದಲ ಅನುಮಾನ ಎಣ್ಣೆ ಸೋರಿಕೆಯ ಮೇಲೆ. ಇಲ್ಲೊಂದು ಅಪಾಯವಿದೆ. ಎಣ್ಣೆಯ ಮಟ್ಟ ಸೆನ್ಸರ್‌ನ ತುದಿಗಿಂತ ಕೆಳಗಿಳಿದರೆ ಸೆನ್ಸರ್ ಗಾಳಿಯಲ್ಲಿ ನಿಲ್ಲುತ್ತದೆ, ಆಗ ಬಿಸಿ ಏರಿದ್ದು ತಡವಾಗಿ ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ತಾಪಮಾನದ ಗೇಜ್ ಇದೆಯೆಂದು ಎಣ್ಣೆಯ ಮಟ್ಟ ನೋಡುವುದನ್ನು ಬಿಡಬಾರದು. ಮರ್ಕ್ರೂಸರ್ ಬಾಟಲಿಯಲ್ಲಿ ಮಟ್ಟದ ಅಲಾರಂ ಇದ್ದರೆ ಅದು ಕೆಲಸ ಮಾಡುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿ.

ಬಾಟಲಿಯ ಮಟ್ಟವನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಎಣ್ಣೆ ಬಿಸಿಯಾದಾಗ ಹಿಗ್ಗುತ್ತದೆ. 2.6 ಲೀಟರ್ ಎಣ್ಣೆ 60 ಡಿಗ್ರಿ ಏರಿದರೆ ಸುಮಾರು 110 ಮಿಲಿಲೀಟರ್ ಹೆಚ್ಚಾಗುತ್ತದೆ. ಓಡಿ ಬಂದ ಕೂಡಲೇ ಬಾಟಲಿ ತುಂಬಿದಂತೆ ಕಂಡರೆ ಅದು ಸಹಜ. ತಣ್ಣಗಿದ್ದಾಗ ಮಟ್ಟ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಾತ್ರ ನೀರು ಒಳನುಗ್ಗುತ್ತಿದೆ ಎಂದು ತಿಳಿಯಬೇಕು.

ಅಲಾರಂ ಹೊಡೆದಾಗ

ಥ್ರಾಟಲನ್ನು ಒಮ್ಮೆಲೇ ಬಿಡದೆ ನಿಧಾನಕ್ಕೆ ಇಳಿಸಿ. ಬೋಟ್ ನೀರಿಗೆ ಕೂತು ಮೇಲಿನ ಪೆಟ್ಟಿಗೆಗೆ ನೀರು ತಾಗುವಷ್ಟು ನಿಧಾನವಾಗಿ ಮುಂದುವರಿಯಿರಿ. ಡ್ರೈವ್ ತಂಪಾಗಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಾಟಲಿಯಲ್ಲಿ ಎಣ್ಣೆ ಇದೆಯೇ ನೋಡಿ. ಹಿಂದೆ ನೀರಿನ ಮೇಲೆ ಎಣ್ಣೆಯ ಪದರ ಕಂಡರೆ, ಅಥವಾ ಕರಕರ ಶಬ್ದ ಬಂದರೆ ಎಂಜಿನ್ ನಿಲ್ಲಿಸಿ, ಲಂಗರು ಹಾಕಿ ನೆರವು ಕೇಳಿ. ಅವೆರಡೂ ಇಲ್ಲದೆ ತಾಪಮಾನ ಇಳಿಯುತ್ತಾ ಬಂದರೆ ನಿಧಾನಗತಿಯಲ್ಲೇ ದಡ ಸೇರಿ. ಇಳಿಯಿತೆಂದು ಮತ್ತೆ ವೇಗ ಹಿಡಿಯಬೇಡಿ.

ಬಿಸಿ ಡ್ರೈವ್‌ನ ಪ್ಲಗ್ಗನ್ನು ಬಿಚ್ಚಲು ಹೋಗಬೇಡಿ. ಒಳಗೆ ಒತ್ತಡವಿರುತ್ತದೆ, ಸುಡುವ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣಿದ ಮೇಲೆ ಎಣ್ಣೆಯನ್ನು ಶುಭ್ರವಾದ ಪಾತ್ರೆಗೆ ಇಳಿಸಿ. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಗಸಿ ಅಂಟಿದ್ದರೆ ಅದು ಮಾಮೂಲು ಸವೆತ. ಬೆರಳಿಗೆ ಚುಚ್ಚುವಂಥ ಚೂರುಗಳಿದ್ದರೆ ಡ್ರೈವ್ ಬಿಚ್ಚಿಸದೆ ಬೇರೆ ದಾರಿಯಿಲ್ಲ. ಹಾಲಿನ ಬಣ್ಣವೆಂದರೆ ನೀರು, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಬೆಂದಿದೆ. ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ ಸಂಗ್ರಹ ಕೇಂದ್ರಕ್ಕೆ ಕೊಡಿ. ಬಂದರಿನ ನೀರಿಗೆ ಸುರಿಯುವುದು ಅಕ್ಷಮ್ಯ.

ಹೊಸ ಎಣ್ಣೆಯನ್ನು ಆಲ್ಫಾ, ಬ್ರಾವೊಗಳಿಗೆ ಕೆಳಗಿನ ರಂಧ್ರದಿಂದ ಪಂಪ್ ಮಾಡಿ ತುಂಬಿಸಬೇಕು, ಮೇಲಿನ ವೆಂಟ್‌ನಿಂದ ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಗಾಳಿ ಹೊರಬಂದಾಗ ಮಟ್ಟ ಇಳಿಯುತ್ತದೆ. ಮೊದಲು ವೆಂಟ್ ಪ್ಲಗ್, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಬಿಸಿಯ ತೊಂದರೆ ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಅಥವಾ 100 ಗಂಟೆಗೊಮ್ಮೆ, ಯಾವುದು ಮೊದಲೋ ಆಗ, ಬದಲಿಸುವುದು ರೂಢಿ.

ಔಟ್‌ಬೋರ್ಡ್ ಮತ್ತು ಟ್ರಾಲ್ ಬೋಟ್

ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಗೇರ್‌ಗಳೆಲ್ಲ ಕೆಳಗೆ ನೀರಿನಲ್ಲೇ ಇರುವುದರಿಂದ ಎಣ್ಣೆಯ ಬಿಸಿ ಅಳೆಯುವ ಅಗತ್ಯ ವಿರಳ. ಅಲ್ಲಿ ನೋಡಬೇಕಾದದ್ದು ನೀರು ಸೇರಿದೆಯೇ ಎಂಬುದನ್ನು.

ಮಲ್ಪೆ, ಮಂಗಳೂರು, ಕಾರವಾರದ ಟ್ರಾಲ್ ಬೋಟ್‌ಗಳಲ್ಲಿ ಡೀಸೆಲ್ ಎಂಜಿನ್ನೂ ಗೇರ್‌ಬಾಕ್ಸೂ ಒಳಗೇ ಇರುತ್ತವೆ. ಕೂಲರ್ ಇರುವ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆಯನ್ನು ಸಮುದ್ರದ ನೀರಿನಿಂದ ತಂಪು ಮಾಡಲಾಗುತ್ತದೆ. ಇಲ್ಲಿ ಸೆನ್ಸರನ್ನು ಗೇರ್‌ಬಾಕ್ಸ್‌ನಿಂದ ಕೂಲರ್‌ಗೆ ಹೋಗುವ ಬಿಸಿ ಎಣ್ಣೆಯ ಕಡೆ ಹಾಕಬೇಕು, ತಂಪಾಗಿ ಮರಳುವ ಕಡೆ ಅಲ್ಲ. ಎರಡೂ ಕಡೆ ಹಾಕಿದರೆ ಇನ್ನೂ ಒಳ್ಳೆಯದು. ಒಂದೇ ಹೊರೆಯಲ್ಲಿ ಎರಡರ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತಾ ಎರಡೂ ಏರುತ್ತಿದ್ದರೆ ಕೂಲರ್‌ನ ನಳಿಗೆಗಳು ಕಟ್ಟಿಕೊಂಡಿವೆ ಎಂದರ್ಥ. ಬಲೆ ಎಳೆಯುವಾಗ ಬಿಸಿಯೂ ಏರಿ, ಎಣ್ಣೆಯ ಒತ್ತಡವೂ ಇಳಿದರೆ ಕ್ಲಚ್ ಪ್ಲೇಟುಗಳು ಜಾರುತ್ತಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಬೋಟ್‌ಗಳು ನಿಂತಿರುತ್ತವೆ. ಕೂಲರನ್ನು ಬಿಚ್ಚಿ ನಳಿಗೆಗಳನ್ನು ಶುಚಿಗೊಳಿಸಲು, ಅದರಲ್ಲಿರುವ ಸತುವಿನ ಕಡ್ಡಿಯನ್ನು ಬದಲಿಸಲು, ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಲು ಅದೇ ಸಮಯ. ಆಗಸ್ಟ್‌ನಲ್ಲಿ ಕಡಲಿಗೆ ಇಳಿದಾಗ ಬಲೆ ಹಾಕುವ ಮೊದಲು ಒಂದು ಸಲ, ಬಲೆ ಎಳೆಯುವಾಗ ಒಂದು ಸಲ ಎರಡೂ ಕಡೆಯ ಬಿಸಿಯನ್ನು ಬರೆದುಕೊಳ್ಳಿ. ಆ ಋತುವಿಗೆ ಅದೇ ಮೂಲಮಟ್ಟ.